ಒಂದೇ ರೂಪ, ಹಲವು ಕುಲ

ಪ್ರತಿವರ್ಷವೂ ವಿಧಾನಸೌಧದಲ್ಲಿ ಆಯವ್ಯಯ ಪತ್ರವು ಮಂಡಿತವಾಗುವ ಕಾಲಕ್ಕೆ, ಪತ್ರಿಕೆಗಳಲ್ಲಿಯೂ ಸರಕಾರದ ಸುತ್ತೋಲೆಗಳಲ್ಲಿಯೂ ‘ಪ್ರಸಕ್ತ ಸಾಲಿನಲ್ಲಿ’, ‘ಕಳೆದ ಸಾಲಿಗೆ ಹೋಲಿಸಿದರೆ’ ಎಂಬ ಮಾತುಗಳು ಹೇರಳವಾಗಿ ಕಾಣಿಸಿಕೊಳ್ಳುತ್ತವೆ. ಇವನ್ನು ಓದುವವರಲ್ಲಿ ಬಹುಮಂದಿ, ವರ್ಷಗಳು ಒಂದರ ಹಿಂದೊಂದು ಸಾಲಾಗಿ ಬರುವುದರಿಂದ ಈ ಹೆಸರು ಹುಟ್ಟಿರಬೇಕೆಂದು ಭಾವಿಸಿ ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. ಭಾವನೆಯೇನೋ ಅಂದವಾಗಿದೆ, ಆದರೆ ನಿಜವಲ್ಲ. ನೇಗಿಲ ಸಾಲು, ಮರದ ಸಾಲು, ಬರೆಹದ ಸಾಲು ಎಂಬಲ್ಲಿರುವ ಶಬ್ದವು ತಮಿಳಿನ ‘ಚಾಲ್’ ಎಂಬುದರ ಒಡಹುಟ್ಟಾದ ಅಚ್ಚ ದ್ರಾವಿಡ ಪದ. ಆಯವ್ಯಯದ ಸಾಲಾದರೋ ಪಾರಸಿ ಭಾಷೆಯಲ್ಲಿ ವರ್ಷವೆಂಬ ಅರ್ಥವುಳ್ಳ ‘ಸಾಲ್’ ಎಂಬುದು, ಜಮಾ, ಖರ್ಚು, ಬಾಕಿ, ವಸೂಲಿ, ತಾರೀಖುಗಳೊಡನೆ ದಫ್ತರದ ಗಂಟಿನಲ್ಲಿ ನಮ್ಮ ಕಚೇರಿಗಳಿಗೆ ಬಂದು, ಉಕಾರವನ್ನು ಹಚ್ಚಿಕೊಂಡು, ಕನ್ನಡದ ವಿಭಕ್ತಿಗಳನ್ನು ತೊಟ್ಟುಕೊಂಡು ಇಲ್ಲಿಯದೇ ಆಗಿಬಿಟ್ಟಿತು. ಧಾರವಾಡದ ಕಡೆಯ ಹುಡುಗನು ‘ಸಾಲಿಗೆ ಹೊಂಟೇನಿ’ ಎಂದರೆ ಅದು ಈ ಎರಡೂ ಅಲ್ಲದ ಮೂರನೆಯದು. ಸಂಸ್ಕೃತದ ‘ಶಾಲಾ’ ಆತನ ಬಾಯಲ್ಲಿ ‘ಸಾಲಿ’ಯಾಗಿದೆ. ಹೀಗೆ ‘ಸಾಲಿಗೆ’ ಎಂಬ ಒಂದೇ ರೂಪದೊಳಗೆ ದ್ರಾವಿಡ, ಪಾರಸಿ, ಸಂಸ್ಕೃತಗಳು ಮೂರೂ ಸದ್ದಿಲ್ಲದೆ ಕುಳಿತಿವೆ. ಇದರಲ್ಲಿ ಇನ್ನೊಂದು ತಿರುವೂ ಉಂಟು. ಪಾರಸಿಯ ‘ಸಾಲ್’ ಅವೆಸ್ತಾದ ‘ಸರೆದ್’ ಎಂಬುದರ ಕುಲಕ್ಕೆ ಸೇರಿದ್ದು. ಅದು ಸಂಸ್ಕೃತದ ‘ಶರದ್’ ಶಬ್ದದ ಸೋದರ. ವೇದಕಾಲದಲ್ಲಿ ಶರದ್ ಎಂದರೆ ಶರತ್ಕಾಲವೂ ಹೌದು, ವರ್ಷವೂ ಹೌದು. ಆದುದರಿಂದ ಆಯವ್ಯಯದ ಸಾಲಿಗೆ ನಂಟನ್ನು ಹುಡುಕಲೇಬೇಕಾದರೆ ಮರಗಳ ಸಾಲಿನಲ್ಲಿ ಹುಡುಕದೆ ನವರಾತ್ರಿಯ ಶರದೃತುವಿನಲ್ಲಿ ಹುಡುಕಬೇಕು.

ರೂಪವು ಒಂದೇ ಆಗಿ ಅರ್ಥವೂ ಮೂಲವೂ ಬೇರೆಯಾಗುವ ಈ ವಿದ್ಯಮಾನವನ್ನು ನಮ್ಮ ಪ್ರಾಚೀನರು ಕಾಣದೆ ಇರಲಿಲ್ಲ. ಯಾಸ್ಕನು ನಿರುಕ್ತದಲ್ಲಿ ವಿವರಿಸಿದ ವೈದಿಕ ಶಬ್ದಗಳ ಪಟ್ಟಿಯಲ್ಲಿ ಅನೇಕಾರ್ಥವುಳ್ಳ ಪದಗಳಿಗೆಂದೇ ಒಂದು ಕಾಂಡವಿದೆ. ಅಮರಸಿಂಹನ ಕೋಶದಲ್ಲಿ ನಾನಾರ್ಥವರ್ಗವಿದೆ. ನಮ್ಮ ನಾಗವರ್ಮನೂ ಅಭಿಧಾನವಸ್ತುಕೋಶದಲ್ಲಿ ನಾನಾರ್ಥಕ್ಕೆ ಪ್ರತ್ಯೇಕ ಸ್ಥಳವನ್ನು ಕೊಟ್ಟಿದ್ದಾನೆ. ಆದರೆ ಇವರೆಲ್ಲರ ಪ್ರಶ್ನೆ ‘ಈ ಶಬ್ದಕ್ಕೆ ಎಷ್ಟು ಅರ್ಥ?’ ಎಂಬುದಾಗಿತ್ತೇ ಹೊರತು ‘ಇಲ್ಲಿ ಎಷ್ಟು ಶಬ್ದ?’ ಎಂಬುದಾಗಿರಲಿಲ್ಲ. ಕವಿಗೆ ಶ್ಲೇಷೆಯನ್ನು ಕಟ್ಟಲು ಮೊದಲನೆಯ ಪ್ರಶ್ನೆಯೇ ಸಾಕು. ಶಬ್ದದ ಚರಿತ್ರೆಯನ್ನು ತಿಳಿಯಲು ಎರಡನೆಯದಿಲ್ಲದೆ ಒಂದು ಹೆಜ್ಜೆಯೂ ಸಾಗದು.

‘ಹರಿ’ ಎಂಬುದನ್ನೇ ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ಅದಕ್ಕೆ ವಿಷ್ಣು, ಇಂದ್ರ, ಸೂರ್ಯ, ಸಿಂಹ, ಕುದುರೆ, ಕಪಿ, ಗಿಳಿ, ಹಾವು, ಕಪ್ಪೆ ಎಂದು ಕೋಶಕಾರರು ಅರ್ಥಗಳನ್ನು ಎಣಿಸುತ್ತಾರೆ. ಕನ್ನಡಿಗನಿಗೆ ಇದು ಸಾಲದೆಂಬಂತೆ, ಅವನಿಗೆ ಹರಿಯುವ ನೀರೂ ಉಂಟು, ಹರಿದ ಬಟ್ಟೆಯೂ ಉಂಟು. ಇಂದು ಕಿವಿಗೆ ಒಂದೇ ಆಗಿರುವ ಈ ಮೂರು ಪಂಪನ ಕಾಲದಲ್ಲಿ ಮೂರಾಗಿಯೇ ಇದ್ದುವು: ನೀರು ‘ಪರಿ’ಯುತ್ತಿತ್ತು, ಬಟ್ಟೆ ‘ಪಱಿ’ಯುತ್ತಿತ್ತು, ದೇವರು ಮಾತ್ರ ಹರಿಯಾಗಿದ್ದನು. ಬಳಿಕ ಎರಡು ಬದಲಾವಣೆಗಳು ನಡೆದುವು. ಪದದ ಮೊದಲಲ್ಲಿದ್ದ ಪಕಾರವು ಹಕಾರವಾಯಿತು. ಪಾಲ್ ಹಾಲಾಗಿ, ಪಲ್ ಹಲ್ಲಾಗಿ, ಪಗೆ ಹಗೆಯಾದದ್ದು ಆ ಹೊಳೆಯಲ್ಲೇ. ಶಕಟರೇಫವೆಂದು ಹೆಸರಾದ ಱಕಾರವು ಸಾಮಾನ್ಯ ರಕಾರದಲ್ಲಿ ಕೂಡಿಹೋಯಿತು. ಯಾರೂ ಬಯಸದೆ, ಯಾರೂ ತಡೆಯದೆ, ಮೂರು ಶಬ್ದಗಳು ಒಂದೇ ಉಡುಪನ್ನು ತೊಟ್ಟು ನಿಂತುವು.

ೞಕಾರದ ಕಥೆಯೂ ಇಂಥದೇ. ಖಡ್ಗಕ್ಕೆ ‘ಬಾಳ್’, ಜೀವಿಸುವುದಕ್ಕೆ ‘ಬಾೞ್’. ತಮಿಳಿನಲ್ಲಿ ಇಂದಿಗೂ ಮೊದಲನೆಯದರ ಕೊನೆಯಲ್ಲಿ ಒಂದು ಅಕ್ಷರ, ಎರಡನೆಯದರ ಕೊನೆಯಲ್ಲಿ ಇನ್ನೊಂದು. ಕನ್ನಡದಲ್ಲಿ ಆ ಭೇದವು ನಾಲಗೆಯಿಂದ ಜಾರಿದ ಮೇಲೆ ಕತ್ತಿಗೂ ಬದುಕಿಗೂ ಒಂದೇ ‘ಬಾಳು’ ಉಳಿಯಿತು. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸುವಾಗ ರಳ, ಕುಳ, ಕ್ಷಳಗಳೆಂದು ಳಕಾರವನ್ನು ಬಗೆಗಳಾಗಿ ಬೇರ್ಪಡಿಸಿ, ೞಕಾರವಿರುವ ಮಾತುಗಳನ್ನು ಪಟ್ಟಿಮಾಡಿ ಕೊಟ್ಟಿರುವುದೇ ಆಡುವವರ ಬಾಯಲ್ಲಿ ಅದು ಆಗಲೇ ಅಳಿಯುತ್ತಿತ್ತೆಂಬುದಕ್ಕೆ ಸಾಕ್ಷಿ. ಎಲ್ಲರಿಗೂ ತಾನಾಗಿ ಬರುವುದನ್ನು ವೈಯಾಕರಣನು ಕಂಠಪಾಠಕ್ಕೆ ಹಚ್ಚುವುದಿಲ್ಲ. ಅಪರೂಪಕ್ಕೆ ಇದರ ವಿಲೋಮವೂ ನಡೆಯುತ್ತದೆ. ಹಳಗನ್ನಡದಲ್ಲಿ ಕ್ಷೀರಕ್ಕೂ ‘ಪಾಲ್’, ಭಾಗಕ್ಕೂ ‘ಪಾಲ್’. ಹಕಾರವು ಬಂದಾಗ ಮೊದಲನೆಯದು ಅದಕ್ಕೆ ಒಲಿದು ಹಾಲಾಯಿತು, ಎರಡನೆಯದು ಪಟ್ಟುಹಿಡಿದು ಪಾಲಾಗಿಯೇ ಉಳಿಯಿತು. ತೆಲುಗರು ಇಂದಿಗೂ ಎರಡಕ್ಕೂ ‘ಪಾಲು’ ಎನ್ನುತ್ತಾರೆ. ಅವರ ಮನೆಗಳಲ್ಲಿ ಇದರಿಂದ ಗೊಂದಲವೇನೂ ಆದಂತಿಲ್ಲ.

ರೂಪಸಾಮ್ಯದಿಂದ ವಿದ್ವಾಂಸರೇ ಹೇಗೆ ದಾರಿ ತಪ್ಪುವರೆಂಬುದನ್ನು ನಮ್ಮ ದೇಶದಲ್ಲಿ ಬಹು ಹಿಂದೆಯೇ ಕಂಡು ನಕ್ಕವನು ಮೀಮಾಂಸಕನಾದ ಕುಮಾರಿಲಭಟ್ಟ. ಸುಮಾರು 7ನೆಯ ಶತಮಾನದ ಈ ಮಹಾಪಂಡಿತನು ತಂತ್ರವಾರ್ತಿಕದಲ್ಲಿ ಒಂದು ವಿಚಿತ್ರವಾದ, ಆದರೆ ಗಂಭೀರವಾದ ಪ್ರಶ್ನೆಯನ್ನು ಚರ್ಚಿಸುತ್ತಾನೆ. ಪಿಕ, ನೇಮ, ತಾಮರಸ ಮೊದಲಾದ ಕೆಲವು ಶಬ್ದಗಳು ವೇದದಲ್ಲಿವೆ. ಆರ್ಯರ ವ್ಯವಹಾರದಲ್ಲಿ ಅವುಗಳ ಅರ್ಥ ಅಳಿದಿದೆ. ಮ್ಲೇಚ್ಛರ ಬಾಯಲ್ಲಿ ಬಳಕೆಯಲ್ಲಿದೆ. ಆ ಅರ್ಥವನ್ನು ಅವರಿಂದ ಸ್ವೀಕರಿಸಬೇಕೆ, ಅಥವಾ ಧಾತುಪ್ರತ್ಯಯಗಳಿಂದ ನಾವೇ ಹೊಸದಾಗಿ ಕಟ್ಟಿಕೊಳ್ಳಬೇಕೆ? ಅವನಿಗೆ ಹಿಂದಿನ ಭಾಷ್ಯಕಾರನಾದ ಶಬರಸ್ವಾಮಿಯು ಬಳಕೆಯ ಪಕ್ಷವನ್ನೇ ಎತ್ತಿಹಿಡಿದಿದ್ದನು. ಕುಮಾರಿಲನು ಈ ಸಂದರ್ಭದಲ್ಲಿ, ತಮ್ಮ ವ್ಯಾಕರಣದ ಬಲದಿಂದ ಪರಭಾಷೆಗೆ ಅರ್ಥ ಹೇಳಹೊರಟವರ ಪಾಡೇನೆಂಬುದಕ್ಕೆ ದ್ರಾವಿಡ ಭಾಷೆಯಿಂದ ಉದಾಹರಣೆಗಳನ್ನು ತೆಗೆಯುತ್ತಾನೆ. ದ್ರಾವಿಡರು ಅನ್ನಕ್ಕೆ ‘ಚೋರ್’ ಎನ್ನುತ್ತಾರೆ; ಇವರು ಅದಕ್ಕೊಂದು ಅಕಾರವನ್ನು ಹಚ್ಚಿ ‘ಚೋರ’ ಮಾಡಿ ಕಳ್ಳನೆಂದು ಗ್ರಹಿಸುತ್ತಾರೆ. ಅವರು ದಾರಿಗೆ ‘ಅತರ್’ ಎಂದರೆ ಇವರಿಗೆ ಅದು ‘ಅತರ’, ದಾಟಲಾರದ್ದು. ದಾರಿ ನಡೆಯುವುದು ಕಷ್ಟವೇ ಅಲ್ಲವೆ ಎಂಬ ಸಮಾಧಾನವೂ ಸಿದ್ಧವಾಗಿದೆ. ಹಾವಿಗೆ ‘ಪಾಪ್’ ಎಂದರೆ ಪಾಪವೆಂದು ತಿಳಿದು, ನಿಜ, ಅದು ಪಾಪಿಯಾದ ಪ್ರಾಣಿಯೇ ಸರಿ ಎನ್ನುತ್ತಾರೆ. ಹೊಟ್ಟೆಗೆ ‘ವೈರ್’ ಎಂದರೆ ವೈರಿ. ಹಸಿದವನು ಮಾಡಬಾರದ್ದನ್ನೆಲ್ಲ ಮಾಡುವುದರಿಂದ ಹೊಟ್ಟೆಯು ಹಗೆಯಾಗಿರುವುದು ಯುಕ್ತವಷ್ಟೆ! ದ್ರಾವಿಡದಲ್ಲಿಯೇ ಇಷ್ಟು ಸ್ವಚ್ಛಂದ ಕಲ್ಪನೆಯಾದರೆ ಪಾರಸಿ, ಬರ್ಬರ, ಯವನ, ರೌಮಕ ಭಾಷೆಗಳ ಗತಿ ಏನಾದೀತೆಂಬುದು ಅವನ ಉದ್ಗಾರದ ತಾತ್ಪರ್ಯ.

ಈ ಉದಾಹರಣೆಗಳನ್ನು ಕನ್ನಡಿಗನು ಓದಿದಾಗ ನಗುವಿನ ಜೊತೆಗೆ ಗುರುತಿನ ಸಂತೋಷವೂ ಆಗುತ್ತದೆ. ಚೋರ್ ಎಂಬುದು ತಮಿಳರ ಚೋಱು. ಪಾಪ್ ಎಂಬುದು ಅವರ ಪಾಂಬು, ನಮ್ಮ ಪಾವು, ಇಂದಿನ ಹಾವು. ವೈರ್ ಎಂಬುದು ಅವರ ವಯಿಱು, ನಮ್ಮ ಬಸಿಱ್, ಇಂದಿನ ಬಸಿರು. ವೈರಿಗೂ ವೈರ್‌ಗೂ ಕಿವಿಯ ಮಟ್ಟಿಗೆ ಒಂದೇ ಸ್ವರದ ಅಂತರ. ವೈರ್‌ಗೂ ಬಸಿರಿಗೂ ಕಿವಿ ಒಪ್ಪುವಷ್ಟು ಹೋಲಿಕೆಯೇ ಇಲ್ಲ. ಆದರೂ ರಕ್ತಸಂಬಂಧವಿರುವುದು ಎರಡನೆಯ ಜೋಡಿಯಲ್ಲಿಯೇ. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ಇಲ್ಲೊಂದೇ ಕಡೆಯಲ್ಲ: ವಾಯ್–ಬಾಯಿ, ವಿಲ್–ಬಿಲ್ಲು, ವೇರ್–ಬೇರು ಎಂದು ಪಂಕ್ತಿಯೇ ನಿಲ್ಲುತ್ತದೆ. ಭಾಷಾಶಾಸ್ತ್ರವು ನಂಬುವುದು ಈ ಪಂಕ್ತಿಯನ್ನು, ಒಂಟಿ ಹೋಲಿಕೆಯನ್ನಲ್ಲ. 1786ರಲ್ಲಿ ವಿಲಿಯಂ ಜೋನ್ಸನು ಕಲಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಸಮಾನಮೂಲವಿರಬೇಕೆಂದು ಹೇಳಿದ್ದು, 1816ರಲ್ಲಿ ಎಲ್ಲಿಸನು ಮದರಾಸಿನಲ್ಲಿ ದಕ್ಷಿಣದ ಭಾಷೆಗಳು ಸಂಸ್ಕೃತಜನ್ಯಗಳಲ್ಲವೆಂದು ತೋರಿಸಿದ್ದು, 1856ರಲ್ಲಿ ಕಾಲ್ಡ್‌ವೆಲ್ಲನು ಆ ವಾದವನ್ನು ಗ್ರಂಥವಾಗಿ ಬೆಳೆಸಿದ್ದು, ಇವೆಲ್ಲವೂ ಇಂಥ ಪಂಕ್ತಿಗಳ ಮೇಲೆಯೇ ನಿಂತವು.

ಕೇವಲ ಆಕಸ್ಮಿಕವು ಎಷ್ಟು ದೂರ ಹೋಗಬಲ್ಲದೆಂಬುದನ್ನು ಅರಿಯದವರು ಇದನ್ನು ಸಂಶಯಿಸಬಹುದು. ಆಸ್ಟ್ರೇಲಿಯದ ಉತ್ತರ ಕ್ವೀನ್ಸ್‌ಲೆಂಡಿನ ಮ್ಬಬರಂ ಎಂಬ ಮೂಲನಿವಾಸಿಗಳ ಭಾಷೆಯನ್ನು ಶೋಧಿಸಿದ ಆರ್. ಎಂ. ಡಬ್ಲ್ಯು. ಡಿಕ್ಸನ್ನರಿಗೆ, ಆ ಭಾಷೆಯಲ್ಲಿ ನಾಯಿಗೆ ಇರುವ ಶಬ್ದವು ಇಂಗ್ಲಿಷಿನ ‘ಡಾಗ್’ ಎಂಬುದಕ್ಕೆ ಹೆಚ್ಚುಕಡಿಮೆ ತದ್ರೂಪವಾಗಿ ಕೇಳಿಸಿತು. ಆದರೆ ಅದು ಎರವಲಲ್ಲ; ನೆರೆಯ ಭಾಷೆಗಳಲ್ಲಿ ‘ಗುಡಗ’ ಎಂದಿರುವ ಶಬ್ದವು ಆ ಭಾಷೆಯ ನಿಯತವಾದ ಧ್ವನಿವ್ಯತ್ಯಾಸಗಳಿಂದ ಮೊದಲನೆಯ ಅಕ್ಷರವನ್ನು ಕಳೆದುಕೊಂಡು ಸವೆದು ಆ ರೂಪಕ್ಕೆ ಬಂದಿತ್ತು. ಇಂಗ್ಲಿಷಿನ ‘ಬ್ಯಾಡ್’ ಎಂಬುದಕ್ಕೂ, ನಮ್ಮ ಬದ್ಮಾಷ್, ಬದನಾಮಿಗಳಲ್ಲಿರುವ ಪಾರಸಿಯ ‘ಬದ್’ ಎಂಬುದಕ್ಕೂ ರೂಪ ಒಂದೇ, ಅರ್ಥ ಒಂದೇ, ಸಂಬಂಧ ಮಾತ್ರ ಇಲ್ಲ. ಗ್ರೀಕರ ‘ಥಿಯೊಸ್’, ಲ್ಯಾಟಿನ್ನಿನ ‘ದೇಉಸ್’ ಎರಡೂ ದೇವವಾಚಕಗಳೇ. ಆದರೆ ನಮ್ಮ ‘ದೇವ’ನ ಕುಲದವನು ದೇಉಸ್ ಒಬ್ಬನೇ. ಕನ್ನಡಿಗನಿಗೆ ಎಲ್ಲಕ್ಕಿಂತ ಮೋಹಕವಾದದ್ದು ‘ನರ’. ನರವೆಂದರೂ ‘ನರ್ವ್’ ಎಂದರೂ ದೇಹದಲ್ಲಿ ಇರುವುದು ಒಂದೇ. ಹಾಗಿದ್ದೂ ನಮ್ಮ ನರವು ತಮಿಳಿನ ನರಂಬಿನ ಬಳಗ; ಇಂಗ್ಲಿಷಿನದು ಲ್ಯಾಟಿನ್ನಿನ ನೆರ್ವುಸ್, ಗ್ರೀಕಿನ ನ್ಯೂರಾನ್, ಸಂಸ್ಕೃತದ ಸ್ನಾವ ಇವುಗಳ ಬಳಗ. ಮನುಷ್ಯನೆಂಬ ಅರ್ಥದ ಸಂಸ್ಕೃತದ ‘ನರ’ನು ಈ ಎರಡಕ್ಕೂ ಸೇರದವನು, ಆದುದರಿಂದಲೇ ಗೋಡೆಗಳ ಮೇಲೆ ಔಷಧದ ವ್ಯಾಪಾರಿಗಳು ಬರೆಸುವ ‘ನರದೌರ್ಬಲ್ಯ’ವು ಯಾವ ನರದ್ದೆಂಬುದು ಓದುವವನ ಮನೋಧರ್ಮಕ್ಕೆ ಬಿಟ್ಟದ್ದಾಗಿದೆ. ಇತ್ತ ‘ಚಕ್ರ’ವನ್ನೂ ಇಂಗ್ಲಿಷಿನ ‘ವ್ಹೀಲ್’ ಎಂಬುದನ್ನೂ ಪಕ್ಕದಲ್ಲಿರಿಸಿದರೆ ಒಂದು ಧ್ವನಿಯೂ ಹೊಂದುವಂತೆ ತೋರದು. ಇವೆರಡೂ ಒಂದೇ ತಾಯಿಯ ಮಕ್ಕಳೆಂಬುದು ಮಾತ್ರ ನಿರ್ವಿವಾದ.

ಈ ಎಚ್ಚರವು ಸ್ವಭಾಷಾಭಿಮಾನದ ಪ್ರಸಂಗಗಳಲ್ಲಿ ವಿಶೇಷವಾಗಿ ಬೇಕಾಗುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನದಲ್ಲಿ, ಖಾರಿಟಿಯಾನ್ ಎಂಬ ಯುವತಿಯು ಭಾರತದ ಸಮುದ್ರತೀರದಲ್ಲಿ ಸೆರೆಸಿಕ್ಕಿರುತ್ತಾಳೆ. ಅಲ್ಲಿಯ ಅರಸನೂ ಪರಿವಾರದವರೂ ಗ್ರೀಕ್ ಅಲ್ಲದ ಯಾವುದೋ ಭಾಷೆಯಲ್ಲಿ ಮಾತನಾಡುತ್ತಾರೆ. ಅವರಿಗೆ ಮದ್ಯವನ್ನು ಕುಡಿಸಿ ಅವಳನ್ನು ಪಾರುಮಾಡಲಾಗುತ್ತದೆ. ಆ ಮಾತುಗಳು ಕನ್ನಡವಾಗಿರಬೇಕೆಂದು 1904ರಲ್ಲಿ ಶಾಸನಜ್ಞ ಹುಲ್ಷ್ ಸೂಚಿಸಿದನು. ಬೇರೆ, ಕೊಂಚ, ಪಾತ್ರ ಎಂಬ ಶಬ್ದಗಳನ್ನು ಅವುಗಳಲ್ಲಿ ಗುರುತಿಸಿದನು. ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಈ ಜಾಡನ್ನು ಹಿಡಿದು ನಡೆದರು, ಒಪ್ಪದವರೂ ಇದ್ದರು. ನನ್ನ ಅಭಿಪ್ರಾಯದಲ್ಲಿ, ಭಾರತದ ಪಶ್ಚಿಮತೀರ, ಮದ್ಯದ ಸನ್ನಿವೇಶ, ಗ್ರೀಕ್ ವರ್ತಕರ ಸಂಪರ್ಕ ಇವೆಲ್ಲ ಕೂಡಿ ಈ ಊಹೆಗೆ ಒಂದು ಚೆಲುವನ್ನು ತಂದಿವೆ. ಆದರೆ ಪದವಿಭಾಗವಿಲ್ಲದೆ, ಪರಲಿಪಿಯಲ್ಲಿ, ನಗಿಸುವುದೇ ಉದ್ದೇಶವಾಗಿ ಬರೆದ ಧ್ವನಿಮಾಲೆಯನ್ನು ನಮಗೆ ಬೇಕಾದಲ್ಲಿ ತುಂಡರಿಸಿ ಓದುವಾಗ, ಕುಮಾರಿಲನ ವೈರಿಯೂ ಚೋರನೂ ಮಗ್ಗುಲಲ್ಲಿಯೇ ಕುಳಿತಿರುತ್ತಾರೆ. ಬೆಂದ ಕಾಳಿನಿಂದ ಬೆಂಗಳೂರು ಹುಟ್ಟಿತೆಂಬ ಕಥೆಯ ವಿಷಯ ಹೇಳಬೇಕಾದ್ದೇ ಇಲ್ಲ. ಆ ಕಾಳನ್ನು ತಿಂದನೆಂದು ಕಥೆ ಹೇಳುವ ಬಲ್ಲಾಳರಾಯನು ಹುಟ್ಟುವುದಕ್ಕೆ ಬಹುಕಾಲ ಮೊದಲೇ, ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರ ಕಾಳಗವು ಬಂದಿದೆ.

ಇನ್ನು ಮೂಲವು ಒಂದೇ ಆಗಿದ್ದು ಅರ್ಥಗಳು ಮಾತ್ರ ದಿಕ್ಕಾಪಾಲಾಗಿ ಹೋದ ಪ್ರಕರಣಗಳು. ಇಲ್ಲಿ ನಮ್ಮ ದೇಶದಷ್ಟು ಸಮೃದ್ಧವಾದ ಕ್ಷೇತ್ರವು ಬೇರೆಲ್ಲೂ ಇರಲಾರದು. ತತ್ಸಮಗಳು ಎಲ್ಲ ಭಾಷೆಗಳಿಗೂ ಸಾಮಾನ್ಯವಾಗಿರುವುದರಿಂದ ಭಾರತೀಯರು ಒಬ್ಬರನ್ನೊಬ್ಬರು ಸುಲಭವಾಗಿ ಅರಿತುಕೊಳ್ಳುವರೆಂದು ವೇದಿಕೆಗಳ ಮೇಲೆ ಹೇಳುವುದುಂಟು. ಅದು ಅರ್ಧಸತ್ಯ. ಕನ್ನಡಿಗನಿಗೆ ‘ಅವಸರ’ವಾದರೆ ಅವನು ಓಡುತ್ತಾನೆ, ತೆಲುಗರಿಗೆ ಅವಸರವೆಂದರೆ ಅಗತ್ಯ, ಹಿಂದಿಯವರಿಗೂ ಮಲೆಯಾಳಿಗಳಿಗೂ ಅದು ಅವಕಾಶ. ಪ್ರಸಂಗ ಅಥವಾ ಸಮಯ ಎಂಬ ಸಂಸ್ಕೃತದ ಅರ್ಥದಿಂದ ಒಬ್ಬರು ಒದಗಿದ ಸಮಯವನ್ನು ಹಿಡಿದರು, ಒಬ್ಬರು ಒದಗಿದ ಕೆಲಸವನ್ನು ಹಿಡಿದರು, ನಾವು ಆ ಕೆಲಸದ ತರಾತುರಿಯನ್ನಷ್ಟೇ ಉಳಿಸಿಕೊಂಡೆವು. ನಿಶ್ಚಯ, ಪ್ರಯತ್ನ ಎಂಬ ಅರ್ಥದ ‘ವ್ಯವಸಾಯ’ವು ಕನ್ನಡ ತೆಲುಗುಗಳಲ್ಲಿ ಹೊಲಕ್ಕಿಳಿದು ಬೇಸಾಯವಾಯಿತು; ಹಿಂದಿಯಲ್ಲಿ ಅಂಗಡಿಯನ್ನು ತೆರೆದು ವ್ಯಾಪಾರವಾಯಿತು; ಮಲೆಯಾಳದಲ್ಲಿ ಕಾರ್ಖಾನೆಯನ್ನು ಸೇರಿ ಕೈಗಾರಿಕೆಯಾಯಿತು. ‘ಧೈರ್ಯ’ವು ಹಿಂದಿಯವರಿಗೆ ತಾಳ್ಮೆ, ನಮಗೆ ಎದೆಗಾರಿಕೆ, ಇವೆರಡರಲ್ಲಿ ಮೂಲಕ್ಕೆ ಹತ್ತಿರವಾದದ್ದು ಅವರದೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ‘ಚೇಷ್ಟೆ’ ಬಂಗಾಳಿಯಲ್ಲಿ ಪ್ರಯತ್ನ, ನಮ್ಮಲ್ಲಿ ಕಪಿಗಳ ಮತ್ತು ಮಕ್ಕಳ ಸ್ವತ್ತು. ‘ಅನುಮಾನ’ವು ನೈಯಾಯಿಕನ ಕೈಯಲ್ಲಿ ನಿರ್ಣಯದ ಸಾಧನವಾಗಿತ್ತು, ಹಿಂದಿಯಲ್ಲಿ ಅಂದಾಜಿಗೆ ಇಳಿಯಿತು, ಕನ್ನಡದಲ್ಲಿ ನಿರ್ಣಯದ ವಿರೋಧಿಯಾದ ಸಂಶಯವೇ ಆಯಿತು. ಹಿಂದಿಯ ಲೇಖಕನು ‘ಉಪನ್ಯಾಸ’ವನ್ನು ಬರೆದು ಪ್ರಕಟಿಸುತ್ತಾನೆ, ಕನ್ನಡದ ಪ್ರಾಧ್ಯಾಪಕನು ಅದನ್ನು ನಿಂತು ಕೊಡುತ್ತಾನೆ, ಉಪನ್ಯಾಸವನ್ನು ಭಾಷಣಕ್ಕೆ ಕೊಟ್ಟ ಮೇಲೆ ಕಥೆಗೆ ಹೆಸರು ಬೇಕಾಗಿ ನಾವೂ ಮರಾಠಿಗರೂ ಬಾಣಭಟ್ಟನ ನಾಯಿಕೆಯಾದ ಕಾದಂಬರಿಯನ್ನು ಕರೆದುಕೊಂಡೆವು. ‘ಸಂಸಾರ’ದ ವಿಷಯದಲ್ಲಿ ಮಲೆಯಾಳಿಗಳು ನಮ್ಮನ್ನೆಲ್ಲ ಮೀರಿಸಿದ್ದಾರೆ: ಅವರಲ್ಲಿ ಅದಕ್ಕೆ ಮಾತುಕತೆಯೆಂದು ಅರ್ಥ.

‘ಶಿಕ್ಷಾ’ ಶಬ್ದವನ್ನು ಮಾತ್ರ ಸ್ವಲ್ಪ ನಿಂತು ನೋಡತಕ್ಕದ್ದು. ಕೇಂದ್ರ ಸರಕಾರದ ವಿದ್ಯಾಭ್ಯಾಸದ ಇಲಾಖೆಯು 2020ರಲ್ಲಿ ಮರಳಿ ‘ಶಿಕ್ಷಾ ಮಂತ್ರಾಲಯ’ವಾದಾಗ ಕನ್ನಡದ ಪಡ್ಡೆಹುಡುಗರು ನಕ್ಕಿದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ನಮಗೆ ಶಿಕ್ಷೆಯೆಂದರೆ ದಂಡನೆ. ಮರಾಠಿ, ತೆಲುಗು, ಮಲೆಯಾಳಗಳಲ್ಲಿಯೂ ಹಾಗೆಯೇ. ಸಂಸ್ಕೃತದಲ್ಲಿ ಇದು ‘ಶಕ್’ ಧಾತುವಿನ ಇಚ್ಛಾರ್ಥಕ ರೂಪದಿಂದ ಬಂದದ್ದು. ಶಕ್ತನಾಗಬೇಕೆಂದು ಬಯಸುವುದು ಅದರ ಮೂಲಾರ್ಥ. ವೇದಾಂಗಗಳಲ್ಲಿ ಉಚ್ಚಾರಣಶಾಸ್ತ್ರಕ್ಕೆ ಅದೇ ಹೆಸರು. ಬಯಕೆಯಿಂದ ಕಲಿಕೆಗೆ, ಕಲಿಕೆಯಿಂದ ಕಲಿಸುವಿಕೆಗೆ, ಕಲಿಸುವಿಕೆಯಿಂದ ತಿದ್ದುವಿಕೆಗೆ, ಅಲ್ಲಿಂದ ಬೆತ್ತಕ್ಕೆ ದಾರಿಯು ನೇರವಾಗಿಯೇ ಇದೆ. ದಕ್ಷಿಣದ ಮೇಷ್ಟ್ರುಗಳ ಮೇಲೆ ಈ ಅರ್ಥಾಂತರದ ಹೊಣೆಯನ್ನು ಹೊರಿಸುವುದು ಅನ್ಯಾಯವಾದೀತು. ಆದರೂ ಅವರು ಅದನ್ನು ತಡೆಯಲು ಹೆಚ್ಚು ಶ್ರಮಿಸಿದಂತೆ ಕಾಣುವುದಿಲ್ಲ.

ಮೇಷ್ಟ್ರೆಂದಾಗ ನೆನಪಾಗುತ್ತದೆ: ಗಾರೆ ಕೆಲಸದ ‘ಮೇಸ್ತ್ರಿ’ಯು ಪೋರ್ಚುಗೀಸರ ‘ಮೆಸ್ತ್ರೆ’, ಪಾಠ ಹೇಳುವ ‘ಮೇಷ್ಟ್ರು’ ಇಂಗ್ಲಿಷರ ‘ಮಾಸ್ಟರ್’, ಎರಡಕ್ಕೂ ಲ್ಯಾಟಿನ್ನಿನ ‘ಮಗಿಸ್ತೆರ್’ ಎಂಬುದೇ ಮೂಲ. ಒಂದೇ ಶಬ್ದವು ಎರಡು ಹಡಗುಗಳಲ್ಲಿ ಬಂದಿಳಿದು ನಮ್ಮಲ್ಲಿ ಎರಡು ಉದ್ಯೋಗಗಳನ್ನು ಹಿಡಿದಿದೆ. ‘ಬಸ್ಸು’ ಲ್ಯಾಟಿನ್ನಿನ ಓಮ್ನಿಬುಸ್ ಎಂಬುದರ ಬಾಲವಾದರೆ, ಬಡಿಸುವವನ ಮುಂದೆ ಕೈಯಡ್ಡ ಹಿಡಿದು ಹಿಂದಿಯವರು ಹೇಳುವ ‘ಬಸ್’ ಪಾರಸಿಯದು. ಮರಾಠಿಯ ‘ಬಾಯಿ’ ಗೌರವದ ಸ್ತ್ರೀವಾಚಕ, ನಮ್ಮ ಬಾಯಿ ಊಟ ಮಾತುಗಳ ಸಾಧನ. ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿರುವುದು ಮೊದಲನೆಯದಾದರೂ ಎರಡನೆಯದನ್ನು ನೆನೆದವರನ್ನು ತಪ್ಪೆನ್ನಲಾಗದು. ಮಲೆಯಾಳಿಯ ‘ಪಟ್ಟಿ’ ಬೊಗಳುತ್ತದೆ. ಕರಾವಳಿಯಲ್ಲಿ ಇಂಥ ಸಂಕರವು ದಿನನಿತ್ಯದ ವ್ಯವಹಾರ. ಘಟ್ಟದ ಮೇಲಿಂದ ಇಳಿದವನು ಊಟದ ಮನೆಯಲ್ಲಿ ‘ಕೋರಿ ರೊಟ್ಟಿ’ ಎಂಬುದನ್ನು ಓದಿ, ರೊಟ್ಟಿಯನ್ನು ಯಾರು ಯಾರಲ್ಲಿ ಕೋರಿದರೆಂದು ಬೆರಗಾಗಬಹುದು. ತುಳುವಿನ ‘ಕೋರಿ’ ನಮ್ಮ ಕೋಳಿಯೇ. ತುಳುವರು ‘ಇಲ್ಲ್’ ಎಂದರೆ ಮನೆ ಇದೆಯೆಂದೇ ಅರ್ಥ, ಇಲ್ಲವೆಂದಲ್ಲ. ‘ಬಲೆ’ ಎಂದರೆ ಬನ್ನಿರೆಂಬ ಮರ್ಯಾದೆಯ ಕರೆ, ಬೀಸಿದ ಬಲೆಯಲ್ಲ.

ಈ ಎಲ್ಲ ಗೋಜಲನ್ನು ಕೊನೆಗೆ ಬಿಡಿಸಬೇಕಾದವನು ನಿಘಂಟುಕಾರ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟೆಲ್ಲರ ಕೋಶದಲ್ಲಿ, ರೂಪ ಒಂದೇ ಆಗಿ ಶಬ್ದ ಬೇರೆಯಾದಲ್ಲೆಲ್ಲ ಒಂದು, ಎರಡು, ಮೂರು ಎಂದು ಅಂಕಿಗಳು ಬಿದ್ದಿವೆ. ಆ ಸಣ್ಣ ಅಂಕಿಗಳ ಹಿಂದೆ ಒಬ್ಬ ಮನುಷ್ಯನ ಆಯುಷ್ಯದ ವಿವೇಚನೆಯಿದೆ. 1961ರಲ್ಲಿ ಬರೋ ಮತ್ತು ಎಮೆನೊ ಅವರ ದ್ರಾವಿಡ ಜ್ಞಾತಿಪದಕೋಶವು ಬಂದು, 1984ರಲ್ಲಿ ಪರಿಷ್ಕೃತವಾಗಿ 5,500ಕ್ಕೂ ಮಿಕ್ಕ ಗುಂಪುಗಳಲ್ಲಿ ಶಬ್ದಗಳನ್ನು ನಿಲ್ಲಿಸಿದ ಮೇಲೆ ಕೆಲಸವು ಎಷ್ಟೋ ಹಗುರಾಗಿದೆ. ಹಾಗೆಂದು ಎಲ್ಲ ಕಗ್ಗಂಟುಗಳೂ ಸಡಿಲಿಲ್ಲ. ‘ಬಲ’ವು ಅವುಗಳಲ್ಲಿ ಒಂದು. ಬಲಗೈ, ಬಲಮಗ್ಗುಲುಗಳಲ್ಲಿರುವುದು ತಮಿಳಿನ ‘ವಲಂ’ ಎಂಬುದರ ಜ್ಞಾತಿ. ಅದರ ಹಿಂದೆ ಗಟ್ಟಿತನವನ್ನು ಹೇಳುವ ‘ವಲ್’ ಇದೆ. ಭೀಮಬಲದಲ್ಲಿರುವುದು ಸಂಸ್ಕೃತದ ಶಬ್ದ. ಆದರೆ ಆ ಸಂಸ್ಕೃತ ಶಬ್ದವೇ ದ್ರಾವಿಡದಿಂದ ಹೋದದ್ದೆಂದು ವಾದಿಸಿದವರಿದ್ದಾರೆ. ಇಂಡೋ–ಯೂರೋಪಿಯನ್ ಮೂಲಭಾಷೆಯಲ್ಲಿ ಬಕಾರವು ಅತಿವಿರಳವಾಗಿತ್ತೆಂಬುದು ಅವರಿಗೆ ಒತ್ತಾಸೆ. ಲ್ಯಾಟಿನ್ನಿನಲ್ಲಿ ದುರ್ಬಲನೆಂಬ ಅರ್ಥದ ‘ದೇಬಿಲಿಸ್’ ಶಬ್ದದಲ್ಲಿ ಇದರ ನಂಟನ್ನು ಕಂಡು ಆ ವಾದವನ್ನು ತಳ್ಳಿಹಾಕಿದವರೂ ಇದ್ದಾರೆ. ಮೊದಲನೆಯ ಪಕ್ಷವು ಸರಿಯಾದರೆ ಬಲಗೈಯ ಬಲವೂ ಭೀಮನ ಬಲವೂ ಒಂದೇ ಮನೆಯವು, ಒಂದು ಮಾತ್ರ ಉತ್ತರಕ್ಕೆ ಹೋಗಿ ಸಾವಿರಾರು ವರ್ಷಗಳ ಮೇಲೆ ತತ್ಸಮವಾಗಿ ಮರಳಿತು. ಎರಡನೆಯದು ಸರಿಯಾದರೆ ಅವು ಡಾಗ್ ಮತ್ತು ಮ್ಬಬರಂ ನಾಯಿಯಂತೆ ಎಂದೂ ಪರಸ್ಪರ ಕಾಣದವು. ಎರಡು ಕಡೆಯ ವಾದಗಳಲ್ಲಿಯೂ ಹುರುಳಿರುವುದರಿಂದ, ಸದ್ಯಕ್ಕೆ ಕೋಶಕಾರನು ಅವಕ್ಕೆ ಎರಡು ಬೇರೆ ಅಂಕಿಗಳನ್ನು ಕೊಟ್ಟು ಮುಂದಿನ ಶಬ್ದಕ್ಕೆ ಹೋಗುವುದೇ ಉಚಿತ.